ಇಡ್ಲಿಗೆ ದಿನ ಗೊತ್ತು ಮಾಡಿದ್ದು ಚೆನ್ನೈ! ನಾವೇನು ಮಾಡುತ್ತಿದ್ದೆವು?

ಕನ್ನಡದ ಯುವ ಗೆಳೆಯರೇ,

ಫೆಬ್ರವರಿ 9 ಯಾವ ದಿನ? ಚಾಕೊಲೇಟ್ ದಿನ. ಮಾರ್ಚ್ 30? ವಿಶ್ವ ಇಡ್ಲಿ ದಿನ. ಜೂನ್ ತಿಂಗಳ ಮೊದಲ ಶುಕ್ರವಾರ? ಡೋನಟ್ ದಿನ. ಭಲೇ! ಎಲ್ಲವೂ ನಿಮಗೆ ಬಾಯಿಪಾಠ. ಈಗ ಹೇಳಿ, ಮಾರ್ಚ್ 17 ಯಾವ ದಿನ? ಜೂನ್ 6? ಆಗಸ್ಟ್ 3? ಯಾಕೆ ಸ್ವಾಮಿ, ಬಾಯಿ ಕಟ್ಟಿತೇ?

ಉತ್ತರ ಆಮೇಲೆ ಹೇಳುತ್ತೇನೆ. ಮೊದಲು ನಮ್ಮ ಪ್ರೆಸ್ಸಿನಲ್ಲಿ ನಡೆದ ಒಂದು ಸಂಗತಿ ಕೇಳಿ.

ರಾಯಲ್ಪಾಡು ಎಂದರೆ ಶ್ರೀನಿವಾಸಪುರ ತಾಲ್ಲೂಕಿನ ಗಡಿ ಹೋಬಳಿ. ಸ್ವಲ್ಪ ಮುಂದೆ ಹೋದರೆ ಆಂಧ್ರ. ಡಿಸೆಂಬರ್ ಬಂತೆಂದರೆ ನನ್ನಂಥ ಸಣ್ಣ ಪ್ರೆಸ್ಸಿನವನಿಗೆ ಕ್ಯಾಲೆಂಡರಿನ ಸುಗ್ಗಿ. ಚಿತ್ರ, ತಾರೀಖು ಎಲ್ಲ ಶಿವಕಾಶಿಯಲ್ಲೇ ಅಚ್ಚಾಗಿ ಬರುತ್ತದೆ. ಕೆಳಗೆ ಬಿಟ್ಟಿರುವ ಖಾಲಿ ಜಾಗದಲ್ಲಿ ಅಂಗಡಿಯ ಹೆಸರು, ಫೋನ್ ನಂಬರು ಹೊಡೆದುಕೊಡುವುದಷ್ಟೇ ನಮ್ಮ ಕೆಲಸ. ಕಳೆದ ಡಿಸೆಂಬರಿನಲ್ಲಿ ಒಬ್ಬ ಹುಡುಗ ಬಂದ. ನಮ್ಮ ಹೋಬಳಿಯವನೇ, ಬೆಂಗಳೂರಿನಲ್ಲಿ ಕೆಲಸ. ಕೊರಳಲ್ಲಿ ಹಳದಿ ಕೆಂಪು ಶಲ್ಯ, ಮಾತಿಗೆ ಮುಂಚೆ 'ಜೈ ಕನ್ನಡಾಂಬೆ'. ಮೇಜಿನ ಮೇಲಿಡುವ ಕ್ಯಾಲೆಂಡರು 500 ಬೇಕು, ಗೆಳೆಯರಿಗೆಲ್ಲ ಹಂಚಬೇಕು ಎಂದ. ಪ್ರತಿ ತಿಂಗಳೂ ನಾಲ್ಕೈದು ವಿಶೇಷ ದಿನಗಳ ಪಟ್ಟಿ ತಂದಿದ್ದ. ಪಿಜ್ಜಾ ದಿನ, ಪ್ಯಾನ್‌ಕೇಕ್ ದಿನ, ಡೋನಟ್ ದಿನ, ಬರ್ಗರ್ ದಿನ! ಒಂದೊಂದಕ್ಕೂ ಪುಟ್ಟ ಚಿತ್ರ, ಅದರ ಕೆಳಗೆ ಎರಡು ಸಾಲು ಇತಿಹಾಸ. ಎಲ್ಲ ಇಂಗ್ಲಿಷಿನಲ್ಲಿ. ನವೆಂಬರಿನ ಹಾಳೆಯಲ್ಲಿ ಮಾತ್ರ ಒಂದು ಸಾಲು ಕನ್ನಡ: 'ರಾಜ್ಯೋತ್ಸವದ ಹಾರ್ದಿಕ ಶುಭಾಷಯಗಳು'. ಇದ್ದದ್ದೇ ಒಂದು ಸಾಲು. ಅದರಲ್ಲೂ 'ಶ' ಇರಬೇಕಾದಲ್ಲಿ 'ಷ'!

ನಾನೇನು ಮಾಡಿದೆ ಗೊತ್ತೇ? 'ಷ' ತೆಗೆದು 'ಶ' ಹಾಕಿದೆ, ಉಳಿದದ್ದನ್ನು ಇದ್ದ ಹಾಗೇ ಅಚ್ಚು ಹಾಕಿಕೊಟ್ಟೆ, ದುಡ್ಡು ಎಣಿಸಿಕೊಂಡೆ. ಅದೇ ನನ್ನ ಆ ವರ್ಷದ ಕನ್ನಡ ಸೇವೆ! ಆದ್ದರಿಂದ ಈ ಲೇಖನದಲ್ಲಿ ಬೈಗುಳ ಬಂದರೆ ಮೊದಲ ಪಾಲು ನನಗೇ ಇರಲಿ, ಎರಡನೆಯದು ನಿಮಗೆ.

ಇಡ್ಲಿಯ ಕಥೆ

ಮೊದಲು ಇಡ್ಲಿ ದಿನದ ಮಾತು. 2015ರಲ್ಲಿ ಚೆನ್ನೈನ ಒಬ್ಬ ಇಡ್ಲಿ ವ್ಯಾಪಾರಿ ಮಾರ್ಚ್ 30 ವಿಶ್ವ ಇಡ್ಲಿ ದಿನ ಎಂದು ಶುರು ಮಾಡಿದರು. ಯಾವ ಸರ್ಕಾರದ ಆದೇಶವೂ ಇಲ್ಲ, ವಿಶ್ವಸಂಸ್ಥೆಯ ಮುದ್ರೆಯೂ ಇಲ್ಲ. ಒಬ್ಬ ಮನುಷ್ಯ, ಒಂದು ದೊಡ್ಡ ಇಡ್ಲಿ, ಒಂದು ತಾರೀಖು. ಇಂದು ಜಗತ್ತೆಲ್ಲ ಆ ದಿನ ಇಡ್ಲಿಯ ಫೋಟೋ ಹಂಚುತ್ತದೆ. ಆ ವ್ಯಾಪಾರಿಗೆ ನನ್ನ ನಮಸ್ಕಾರ. ತನ್ನ ಕಸುಬಿನ ಮೇಲೆ ಅಭಿಮಾನ ಇದ್ದವರು, ಮಾಡಿದರು.

ನಮಗೇನಾಗಿತ್ತು? ಇಡ್ಲಿಯ ಹೆಸರು ಬರಹದಲ್ಲಿ ಮೊಟ್ಟಮೊದಲು ಸಿಗುವುದು ಯಾವ ಭಾಷೆಯಲ್ಲಿ ಗೊತ್ತೇ? ಕನ್ನಡದಲ್ಲಿ! ಸುಮಾರು ಕ್ರಿ.ಶ. 920ರ 'ವಡ್ಡಾರಾಧನೆ'ಯಲ್ಲಿ 'ಇಡ್ಡಲಿಗೆ' ಎಂಬ ಮಾತಿದೆ. ಅದಾಗಿ ನೂರು ವರ್ಷಕ್ಕೆ, ಸುಮಾರು 1025ರಲ್ಲಿ, ಎರಡನೆಯ ಚಾವುಂಡರಾಯ 'ಲೋಕೋಪಕಾರ' ಎಂಬ ಕನ್ನಡ ಪುಸ್ತಕದಲ್ಲಿ ಮಾಡುವ ಕ್ರಮವನ್ನೇ ಬರೆದ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸು, ನುಣ್ಣಗೆ ರುಬ್ಬು, ಮೊಸರಿನ ತಿಳಿ ಬೆರೆಸು, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಹಾಕು. ಇನ್ನೊಂದು ನೂರು ವರ್ಷಕ್ಕೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲೂ ಇದನ್ನು ಸೇರಿಸಿದ. ಆ ಕಲ್ಯಾಣ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ.

ಇಡ್ಲಿ ಕನ್ನಡಿಗರ ಸ್ವಂತ ಆಸ್ತಿ, ಬೇರೆಯವರು ಮುಟ್ಟಬಾರದು ಎಂದು ನಾನು ಹೇಳುತ್ತಿಲ್ಲ. ಹಬೆಯಲ್ಲಿ ಬೇಯಿಸುವ ವಿದ್ಯೆ ಇಂಡೋನೇಷ್ಯಾದ ಕಡೆಯಿಂದ ಬಂದಿರಬಹುದು ಎಂದು ನಮ್ಮ ಕೊಡಗು ಮೂಲದ ಆಹಾರ ಚರಿತ್ರೆಕಾರ ಕೆ.ಟಿ. ಅಚ್ಚಯ್ಯನವರೇ ಬರೆದಿದ್ದಾರೆ. ಇರಲಿ. ತಿಂಡಿಗೆ ಪಾಸ್‌ಪೋರ್ಟ್ ಬೇಕಿಲ್ಲ. ನನ್ನ ಪ್ರಶ್ನೆ ಇಷ್ಟೇ: ಸಾವಿರ ವರ್ಷದ ಹಿಂದೆ ಕನ್ನಡದಲ್ಲಿ ಬರೆದಿಟ್ಟಿದ್ದನ್ನು ನಾವು ಎಂದಾದರೂ ತೆಗೆದು ಓದಿದೆವೇ? ಹೋಟೆಲಿನ ಗೋಡೆಗೆ ಬರೆದೆವೇ? ಇಡ್ಲಿ ದಿನದಂದು ಬೆಂಗಳೂರಿನ ಎಷ್ಟು ದರ್ಶಿನಿಗಳಲ್ಲಿ 'ಇಡ್ಡಲಿಗೆ' ಎಂಬ ಶಬ್ದ ಕಂಡಿತು? ಒಂದರಲ್ಲಾದರೂ?

ನಾವು ಹೇಳದೆ ಕೂತರೆ ಬೇರೆಯವರು ಹೇಳುತ್ತಾರೆ. ತಪ್ಪಾಗಿಯೂ ಹೇಳುತ್ತಾರೆ! 2025ರ ಮೇ ತಿಂಗಳಲ್ಲಿ ಜೈಪುರದ ಕೆಲವು ಮಿಠಾಯಿ ಅಂಗಡಿಗಳು ಮೈಸೂರು ಪಾಕಿನ ಹೆಸರನ್ನು 'ಮೈಸೂರು ಶ್ರೀ' ಎಂದು ಬದಲಾಯಿಸಿದವು. ಯಾಕೆಂದರೆ 'ಪಾಕ್' ಎಂದರೆ ಪಾಕಿಸ್ತಾನವಂತೆ! ಅಯ್ಯಾ, ಪಾಕ ಎಂದರೆ ಸಕ್ಕರೆಯ ಪಾಕ. ಒಂದೆಳೆ ಪಾಕ, ಎರಡೆಳೆ ಪಾಕ ಎಂದು ನಮ್ಮ ಅಜ್ಜಿಯರು ಬೆರಳಲ್ಲಿ ಎಳೆದು ನೋಡುತ್ತಿದ್ದರಲ್ಲ, ಅದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಅಡುಗೆಯವರಾದ ಕಾಕಾಸುರ ಮಾದಪ್ಪನವರು ಕಡಲೆ ಹಿಟ್ಟು, ತುಪ್ಪ, ಸಕ್ಕರೆ ಸೇರಿಸಿ ಮಾಡಿದ್ದು ಎಂದು ಮೈಸೂರಿನಲ್ಲಿ ಮನೆಮನೆಗೂ ಗೊತ್ತು. ಜೈಪುರಕ್ಕೆ ಯಾಕೆ ಗೊತ್ತಿಲ್ಲ? ನಾವು ಸಿಹಿಯನ್ನು ಕಳಿಸಿದೆವು, ಕಥೆಯನ್ನು ಕಳಿಸಲಿಲ್ಲ.

ಪರದೇಶದವರು ಹುಚ್ಚರೇ?

ಆ ಹುಡುಗ ಹೋದ ಮೇಲೆ ಅವನ ಪಟ್ಟಿಯನ್ನು ಇನ್ನೊಮ್ಮೆ ಓದಿದೆ. ನಗಬೇಕೆಂದೇ ಓದಿದೆ. ನಗು ಬರಲಿಲ್ಲ.

ಡೋನಟ್ ದಿನ 1938ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಶುರುವಾಯಿತು. ಮೊದಲ ಮಹಾಯುದ್ಧದಲ್ಲಿ ಸೈನಿಕರಿಗೆ ಡೋನಟ್ ಕರಿದುಕೊಟ್ಟ ಹೆಂಗಸರ ನೆನಪಿಗೆ, ಬಡವರಿಗಾಗಿ ಹಣ ಕೂಡಿಸಲು ಸಾಲ್ವೇಷನ್ ಆರ್ಮಿಯವರು ಮಾಡಿದ್ದು. ಸ್ವೀಡನ್ನಿನಲ್ಲಿ ಅಕ್ಟೋಬರ್ 4 ದಾಲ್ಚಿನ್ನಿ ಬನ್ನಿನ ದಿನ. 1999ರಲ್ಲಿ ಆರಂಭವಾದದ್ದು, ಈಗ ಇಡೀ ದೇಶವೇ ಅಂದು ಬನ್ನು ತಿನ್ನುತ್ತದೆ. ಸ್ವೀಡನ್ನಿನ ಜನಸಂಖ್ಯೆ ಒಂದು ಕೋಟಿ ಚಿಲ್ಲರೆ. ಕನ್ನಡ ತಾಯಿನುಡಿಯವರು 2011ರ ಜನಗಣತಿಯಲ್ಲೇ ನಾಲ್ಕು ಕೋಟಿ ಮೀರಿದ್ದರು! ಜಪಾನಿನಲ್ಲಿ ಕಡ್ಡಿಯಂಥ ಬಿಸ್ಕತ್ತು ಮಾಡುವ ಒಂದು ಕಂಪನಿ ನವೆಂಬರ್ 11ನ್ನು ತನ್ನ ದಿನ ಮಾಡಿಕೊಂಡಿದೆ. ಯಾಕೆ? 11/11 ಎಂದು ಬರೆದರೆ ನಾಲ್ಕು ಕಡ್ಡಿ ನಿಲ್ಲಿಸಿದ ಹಾಗೆ ಕಾಣುತ್ತದೆ, ಅದಕ್ಕೆ! ವ್ಯಾಪಾರದ ಬುದ್ಧಿ, ಒಪ್ಪುತ್ತೇನೆ. ಆದರೆ ಬುದ್ಧಿ.

ಇವರೆಲ್ಲರ ಗುಟ್ಟು ಒಂದೇ. ಒಂದು ತಾರೀಖು, ಒಂದು ತಿನಿಸು, ಒಂದು ಸಣ್ಣ ಕಥೆ. ಈ ಮೂರು ಸೇರಿದರೆ ಮಗುವಿಗೂ ನೆನಪಿರುತ್ತದೆ. ಈ ಗುಟ್ಟು ನಮ್ಮ ಅಜ್ಜಿಯರಿಗೆ ತಿಳಿದಿರಲಿಲ್ಲವೇ? ಯುಗಾದಿಗೆ ಬೇವು ಬೆಲ್ಲ, ಒಬ್ಬಟ್ಟು. ಮರುದಿನ ಹೊಸತೊಡಕಿಗೆ ಬಾಡೂಟ. ರಾಮನವಮಿಗೆ ಪಾನಕ, ಕೋಸಂಬರಿ. ನಾಗರಪಂಚಮಿಗೆ ತಂಬಿಟ್ಟು. ಗಣೇಶನಿಗೆ ಕಡುಬು. ಸಂಕ್ರಾಂತಿಗೆ ಎಳ್ಳು ಬೆಲ್ಲ, ಬೇಯಿಸಿದ ಅವರೆಕಾಯಿ, ಕಡಲೆಕಾಯಿ, ಗೆಣಸು. ಸಂಜೆಗೆ ದನಗಳಿಗೆ ಕಿಚ್ಚು ಹಾಯಿಸುವುದು. ಯಾರು ಪುಸ್ತಕ ನೋಡಿ ಕಲಿತರು? ನಾಲಿಗೆಯೇ ಪಂಚಾಂಗ.

ರಾಜ್ಯೋತ್ಸವಕ್ಕೆ ಏನು ಅಡುಗೆ?

ಈಗ ನನ್ನ ಮುಖ್ಯ ಪ್ರಶ್ನೆಗೆ ಬರುತ್ತೇನೆ. ನವೆಂಬರ್ 1ಕ್ಕೆ ನಿಮ್ಮ ಮನೆಯಲ್ಲಿ ಏನು ಅಡುಗೆ?

ಯೋಚಿಸಿ. 1956ರ ನವೆಂಬರ್ 1ರಂದು ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾಯಿತು. 1973ರ ನವೆಂಬರ್ 1ರಂದು ದೇವರಾಜ ಅರಸರ ಕಾಲದಲ್ಲಿ ಕರ್ನಾಟಕ ಎಂಬ ಹೆಸರು ಬಂತು. ಇಷ್ಟು ದೊಡ್ಡ ದಿನಕ್ಕೆ ನಾವು ಏನೆಲ್ಲ ಕೊಟ್ಟೆವು! ಬಾವುಟ ಕೊಟ್ಟೆವು, ಫ್ಲೆಕ್ಸ್ ಕೊಟ್ಟೆವು, ಆರ್ಕೆಸ್ಟ್ರಾ ಕೊಟ್ಟೆವು, ಎದೆ ನಡುಗಿಸುವ ಡಿಜೆ ಕೊಟ್ಟೆವು. ಅಡುಗೆ ಕೊಡಲಿಲ್ಲ. ಮೆರವಣಿಗೆ ಮುಗಿದ ಮೇಲೆ ಕಾರ್ಯಕರ್ತರಿಗೆ ಪೊಟ್ಟಣದಲ್ಲಿ ಪಲಾವು, ಅಷ್ಟೇ. ಅಂದು ನಮ್ಮ ಹೆಂಗಸರು ಬೆಳಿಗ್ಗೆ ಎದ್ದು 'ಇವತ್ತು ಹಬ್ಬ' ಎಂದು ಒಲೆಯ ಮೇಲೆ ಏನನ್ನಾದರೂ ಇಡುತ್ತಾರೆಯೇ? ಮಕ್ಕಳು 'ಅಮ್ಮಾ, ನಾಳೆ ರಾಜ್ಯೋತ್ಸವ ಅಲ್ವಾ, ಅದು ಮಾಡ್ತೀಯಾ?' ಎಂದು ಕೇಳುತ್ತವೆಯೇ? ಇಲ್ಲ. ಸರ್ಕಲ್ಲಿನಲ್ಲಿ ಬಾವುಟ ಏರುತ್ತದೆ, ಸಂಜೆಗೆ ಇಳಿಯುತ್ತದೆ. ಮನೆಯ ಹೊಸ್ತಿಲು ದಾಟಿ ಒಳಗೆ ಬರುವುದೇ ಇಲ್ಲ.

ಅಡುಗೆಮನೆಗೆ ಬರದ ಹಬ್ಬ ಮನೆಗೆ ಬಂದ ಹಾಗಲ್ಲ. ಅಡುಗೆಮನೆಗೆ ಬರದ ಭಾಷೆಯೂ ಅಷ್ಟೇ.

ಈ ಮಾತು ಹೇಳುವ ಹಕ್ಕು ಗಡಿಯವನಾದ ನನಗಿದೆ. ನಮ್ಮ ಊರಿನ ಬಹಳ ಮನೆಗಳ ಹಾಗೆ ನಮ್ಮ ಮನೆಯ ಮಾತೂ ತೆಲುಗು. ಬೆಂಗಳೂರಿನ ಗೆಳೆಯರು ಮುದ್ದೆ ಎನ್ನುವುದನ್ನು ನಾವು ಸಂಗಟಿ ಎನ್ನುತ್ತೇವೆ. ಕನ್ನಡ ನಮಗೆ ಶಾಲೆಯ ಭಾಷೆ, ಪಹಣಿಯ ಭಾಷೆ, ಬಸ್ಸಿನ ಬೋರ್ಡಿನ ಭಾಷೆ. ಹಾಗಾದರೆ ಅದು ನಮ್ಮ ಅಡುಗೆಮನೆಗೆ ಬರಲೇ ಇಲ್ಲವೇ? ಬಂತು. ಹೇಗೆ ಬಂತು ಗೊತ್ತೇ? ಗೋಡೆಯ ಕ್ಯಾಲೆಂಡರಿನಲ್ಲಿ ಬಂತು! ಒಲೆಯ ಪಕ್ಕದ ಮೊಳೆಗೆ ಕನ್ನಡ ಕ್ಯಾಲೆಂಡರು ತೂಗುತ್ತಿತ್ತು. ಹಾಲಿನವನು ಬಾರದ ದಿನ ಅಮ್ಮ ಬಾಯಲ್ಲಿ 'ಪಾಲು ಲೇವು' ಎಂದು ಗೊಣಗುತ್ತಾ, ಆ ತಾರೀಖಿನ ಚೌಕದಲ್ಲಿ ಪೆನ್ಸಿಲಿನಿಂದ 'ಹಾಲು ಇಲ್ಲ' ಎಂದು ಕನ್ನಡದಲ್ಲಿ ಬರೆಯುತ್ತಿದ್ದರು. ಅವರು ಕಲಿತದ್ದು ಕನ್ನಡ ಶಾಲೆಯಲ್ಲಿ ನಾಲ್ಕನೇ ತರಗತಿ. ಬ್ಯಾಟರಿ ಡಬ್ಬಿಯ ಹಿಂದೆ ಸಿಕ್ಕಿಸಿದ್ದ ಆ ಪೆನ್ಸಿಲ್ಲು ನಮ್ಮ ಮನೆಗೆ ಮಾಡಿದಷ್ಟು ಕನ್ನಡದ ಕೆಲಸ ನಾನು ಅಚ್ಚು ಹಾಕಿದ ಯಾವ ಪೋಸ್ಟರೂ ಮಾಡಿಲ್ಲ.

ಇವತ್ತು ನಮ್ಮ ಕಡೆಯ ಕೆಲವು ಅಂಗಡಿಯವರು ತೆಲುಗು ತಾರೀಖಿನ ಹಾಳೆಯನ್ನೇ ಕೇಳುತ್ತಾರೆ. ಅದರಲ್ಲಿ ಹಬ್ಬ, ತಿಥಿ, ವ್ರತ ಎಲ್ಲ ಸೊಗಸಾಗಿ ತುಂಬಿರುತ್ತದೆ. ನನಗೆ ತೆಲುಗಿನ ಮೇಲೆ ದ್ವೇಷವಿಲ್ಲ, ಅದು ನನ್ನ ತಾಯಿಯ ಬಾಯಿಯ ಮಾತು. ಆದರೆ ಆ ಮೊಳೆಯ ಮೇಲಿನ ಜಾಗವನ್ನು ಕನ್ನಡ ಬಿಟ್ಟುಕೊಟ್ಟರೆ ಮತ್ತೆ ಯಾವ ಚಳವಳಿಯಿಂದಲೂ ವಾಪಸು ಪಡೆಯಲಾಗದು. 2024ರಲ್ಲಿ ಕಾನೂನಿಗೆ ತಿದ್ದುಪಡಿಯಾಗಿ ಅಂಗಡಿಯ ಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕೆಂದಾಯಿತು. ಬಹಳ ಸಂತೋಷ, ಅದಕ್ಕಾಗಿ ಬೀದಿಗಿಳಿದವರಿಗೆ ಕೈಮುಗಿಯುತ್ತೇನೆ. ಫಲಕದ ಮೇಲೆ ಶೇಕಡಾ 60 ಆಯಿತು, ನಾಲಿಗೆಯ ಮೇಲೆ ಎಷ್ಟು?

ನಮ್ಮ ದಿನಗಳು ನಮಗೇ ಗೊತ್ತಿಲ್ಲ

ಮೊದಲು ಕೇಳಿದ ಪ್ರಶ್ನೆಗಳಿಗೆ ಉತ್ತರ ಈಗ ಹೇಳುತ್ತೇನೆ.

ಆಗಸ್ಟ್ 3 ಕೊಡಗಿನಲ್ಲಿ ಕಕ್ಕಡ ಹದಿನೆಂಟು. ಮಳೆ ಸುರಿಯುವ ಕಕ್ಕಡ ಮಾಸದ ಹದಿನೆಂಟನೆಯ ದಿನ ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ತುಂಬಿಕೊಳ್ಳುತ್ತದೆ ಎಂಬ ನಂಬಿಕೆ. ಅದರ ರಸದಲ್ಲಿ ಪಾಯಸ ಮಾಡುತ್ತಾರೆ, ಬಣ್ಣ ಅಚ್ಚ ನೇರಳೆ. ತಿಂದ ಮರುದಿನ ಮೂತ್ರ ಕೆಂಪಗೆ ಹೋಗುತ್ತದೆ, ಗೊತ್ತಿಲ್ಲದವನು ಹೆದರಿ ಡಾಕ್ಟರ ಬಳಿ ಓಡಬೇಕು! ಇದಕ್ಕಿಂತ ವಿಚಿತ್ರವಾದ ದಿನ ಯಾವ ಅಮೆರಿಕದ ಪಟ್ಟಿಯಲ್ಲಿದೆ, ತೋರಿಸಿ.

ತುಳುನಾಡಿನಲ್ಲಿ ಆಟಿ ಅಮಾವಾಸ್ಯೆ. ಬೆಳಕು ಹರಿಯುವ ಮೊದಲೇ ಹೋಗಿ, ಕಬ್ಬಿಣ ತಾಗಿಸದೆ, ಕಲ್ಲಿನಿಂದ ಜಜ್ಜಿ ಪಾಲೆ ಮರದ ತೊಗಟೆ ತಂದು ಕಹಿ ಕಷಾಯ ಕುಡಿಯುತ್ತಾರೆ. ಮೇಲೆ ಮೆಂತೆ ಗಂಜಿ. ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ. ತೆನೆ ಹೊತ್ತ ಗದ್ದೆಯನ್ನು ಬಸುರಿ ಎಂದು ತಿಳಿದು, ಬಗೆಬಗೆಯ ಸೊಪ್ಪು ಬೇಯಿಸಿ ಅವಳಿಗೆ ಬಯಕೆಯ ಊಟ ಬಡಿಸುತ್ತಾರೆ. ಉತ್ತರ ಕರ್ನಾಟಕದಲ್ಲಿ ಎಳ್ಳಮಾವಾಸ್ಯೆ. ಬುತ್ತಿ ಕಟ್ಟಿಕೊಂಡು ಬಂಡಿ ಹೂಡಿ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಎಣ್ಣೆಗಾಯಿ ಪಲ್ಯವನ್ನು ನೆಂಟರಿಷ್ಟರ ಜೊತೆ ಹೊಲದಲ್ಲೇ ಕೂತು ಉಣ್ಣುತ್ತಾರೆ. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ.

ವಿಜಯಪುರದ ಹುಡುಗನಿಗೆ ಕಕ್ಕಡ ಹದಿನೆಂಟು ಗೊತ್ತೇ? ಮಡಿಕೇರಿಯ ಹುಡುಗಿಗೆ ಎಳ್ಳಮಾವಾಸ್ಯೆ ಗೊತ್ತೇ? ಇಬ್ಬರೂ ಬೆಂಗಳೂರಿನ ಒಂದೇ ಕಂಪನಿಯಲ್ಲಿ ಅಕ್ಕಪಕ್ಕ ಕೂತು ಪಿಜ್ಜಾ ದಿನ ಆಚರಿಸುತ್ತಾರೆ! 1956ರಲ್ಲಿ ನಕ್ಷೆ ಒಂದಾಯಿತು. ಊಟದ ಎಲೆ ಇನ್ನೂ ಒಂದಾಗಿಲ್ಲ.

ದಿನ ಎಂದರೆ ದುಡ್ಡು ಕೂಡ

ಜೂನ್ 6 ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ದಿನ. ನಮ್ಮ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನವರು. 'ಚಿಕವೀರ ರಾಜೇಂದ್ರ' ಕಾದಂಬರಿಗೆ 1983ರ ಜ್ಞಾನಪೀಠ. ಹುಟ್ಟಿದ್ದು 1891ರ ಜೂನ್ 6, ತೀರಿಕೊಂಡದ್ದು 1986ರ ಜೂನ್ 6. ಹುಟ್ಟಿದ ದಿನವೇ ಹೋದರು! ಹುಟ್ಟುಹಬ್ಬ ಮತ್ತು ಪುಣ್ಯತಿಥಿಗೆ ಒಂದೇ ಚೌಕ. ಕ್ಯಾಲೆಂಡರು ಮಾಡುವವನಿಗೆ ಇದಕ್ಕಿಂತ ಒಳ್ಳೆಯ ತಾರೀಖು ಸಿಗುವುದುಂಟೇ?

ಜೂನ್ ಎಂದರೆ ನಮ್ಮಲ್ಲಿ ಮಾವಿನ ಕಾಲ. ಶ್ರೀನಿವಾಸಪುರದ ಮಾವು ಎಂದರೆ ದೇಶಕ್ಕೇ ಗೊತ್ತು. ಬಾದಾಮಿ, ಬೇನಿಷಾ, ಮಲ್ಲಿಕಾ, ನೀಲಂ, ತೋತಾಪುರಿ. ಮಾಸ್ತಿಯವರ ದಿನದ ಮರುದಿನ, 2025ರ ಜೂನ್ 7ರಂದು, ಏನಾಯಿತು ನೆನಪಿದೆಯೇ? ಹೊರ ರಾಜ್ಯದ ತೋತಾಪುರಿ ಒಳಗೆ ಬರಬಾರದು ಎಂದು ಆಂಧ್ರದ ಚಿತ್ತೂರು ಜಿಲ್ಲಾಧಿಕಾರಿಗಳ ಆದೇಶ ಬಂತು. ನಮ್ಮ ತೋತಾಪುರಿ ಹೋಗುವುದೇ ಚಿತ್ತೂರಿನ ತಿರುಳು ತೆಗೆಯುವ ಕಾರ್ಖಾನೆಗಳಿಗೆ. ಬೆಲೆ ಪಾತಾಳಕ್ಕಿಳಿದಿತ್ತು, ಈಗ ದಾರಿಯೂ ಮುಚ್ಚಿತು. ರೈತರು ಬೀದಿಗಿಳಿದರು. ನಮ್ಮ ಮುಖ್ಯಮಂತ್ರಿಗಳು ಅಲ್ಲಿನ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಅಲ್ಲಿನ ಅಧಿಕಾರಿಗಳು ಅವರ ರೈತರನ್ನು ಕಾಯಲು ಹೊರಟರು, ಅದು ಅವರ ಲೆಕ್ಕ. ನನ್ನ ಸಿಟ್ಟು ಅವರ ಮೇಲಿಲ್ಲ.

ನನ್ನ ಸಿಟ್ಟು ನಿಮ್ಮ ಮೇಲೆ! ಆ ವಾರ ಬೆಂಗಳೂರಿನ ಕನ್ನಡ ಯುವಕರು ಏನು ಮಾಡುತ್ತಿದ್ದಿರಿ? ಜೂನ್ ಮೊದಲ ಶುಕ್ರವಾರದ ಡೋನಟ್ ದಿನ ಆಗಷ್ಟೇ ಮುಗಿದಿತ್ತು. ಆ ವರ್ಷ ಅದು ಬಿದ್ದದ್ದೂ ಜೂನ್ 6ರಂದೇ, ಮಾಸ್ತಿಯವರ ದಿನದಂದೇ! ಬೆಂಗಳೂರಿನಿಂದ ಶ್ರೀನಿವಾಸಪುರ ಎಷ್ಟು ದೂರ? ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮುಂಚೆ ತೋಟದಲ್ಲಿರಬಹುದು. ಜೂನ್ 6 'ಮಾಸ್ತಿ ಮಾವಿನ ದಿನ' ಎಂದು ಮೊದಲೇ ಗೊತ್ತಾಗಿದ್ದು, ಒಂದೊಂದು ಕನ್ನಡ ಸಂಘ ಒಂದೊಂದು ಲಾರಿ ಹಣ್ಣು ನೇರವಾಗಿ ರೈತನಿಂದ ತರಿಸಿದ್ದರೆ? ತಿರುಳಿನ ಕಾರ್ಖಾನೆಯ ಹೊಟ್ಟೆ ತುಂಬುವಷ್ಟು ಆಗುತ್ತಿರಲಿಲ್ಲ, ಬಲ್ಲೆ. ಆದರೆ ಗಡಿಯ ರೈತನಿಗೆ 'ರಾಜಧಾನಿಯಲ್ಲಿ ನನ್ನವರು ಇದ್ದಾರೆ' ಎಂದು ಅನ್ನಿಸುತ್ತಿತ್ತು. ಗಡಿ ಉಳಿಯುವುದು ಆ ಅನ್ನಿಸಿಕೆಯಿಂದ. 'ಗಡಿ ನಮ್ಮದು' ಎಂದು ಘೋಷಣೆ ಕೂಗುವ ನೀವು ಗಡಿಯ ಹಣ್ಣನ್ನು ತಿನ್ನದಿದ್ದರೆ ಹೇಗೆ?

'ಇದೆಲ್ಲ ಹುಡುಗಾಟ' ಎನ್ನುವವರಿಗೆ

ಕೆಲವರು ಹೇಳುತ್ತಾರೆ: 'ಉದ್ಯೋಗದ ಪ್ರಶ್ನೆ ಇದೆ, ಕಾವೇರಿ ಇದೆ, ಮಹದಾಯಿ ಇದೆ. ಅದು ಬಿಟ್ಟು ಈತ ಇಡ್ಲಿ, ದೋಸೆ ಎನ್ನುತ್ತಾನೆ.' ಆ ಹೋರಾಟಗಳನ್ನು ಬಿಡಿ ಎಂದು ನಾನೆಲ್ಲಿ ಹೇಳಿದೆ? 1982ರ ಗೋಕಾಕ್ ಚಳವಳಿ ಗೆದ್ದದ್ದು ಹೇಗೆ? ಡಾ. ರಾಜ್‌ಕುಮಾರ್ ಊರೂರು ಸುತ್ತಿದಾಗ, ಅದುವರೆಗೆ ಪಂಡಿತರ ಮಾತಾಗಿದ್ದದ್ದು ಮನೆಮನೆಯ ಮಾತಾಯಿತು, ಅದಕ್ಕೆ. ವರ್ಷದಲ್ಲಿ ಒಂದು ದಿನ ಬೀದಿಗೆ ಬರುವವನು ಉಳಿದ 364 ದಿನ ಮನೆಯಲ್ಲಿ ಏನಾಗಿರುತ್ತಾನೆ ಎಂಬುದೇ ಪ್ರಶ್ನೆ.

ಇನ್ನು ಕೆಲವರು, 'ಹಬ್ಬ ಎಂದರೆ ಒಂದು ಜಾತಿಯ ಊಟ, ಒಂದು ಮಡಿಯ ಊಟ ಆಗಿಬಿಡುತ್ತದೆ' ಎನ್ನುತ್ತಾರೆ. ಇದು ಸರಿಯಾದ ಎಚ್ಚರಿಕೆ. ಅದಕ್ಕೇ ಹೇಳುತ್ತೇನೆ, ಪಟ್ಟಿಯಲ್ಲಿ ಹೊಸತೊಡಕಿನ ಬಾಡೂಟವೂ ಇರಲಿ, ಕರಾವಳಿಯ ಮೀನು ಸಾರೂ ಇರಲಿ, ಕೊಡಗಿನ ಹಂದಿ ಕರಿಯೂ ಇರಲಿ, ರಂಜಾನಿನ ಹಲೀಮೂ ಇರಲಿ. ಮುದ್ದೆಯನ್ನು ಕೀಳು ಎಂದವರಿಗೆ ಐನೂರು ವರ್ಷದ ಹಿಂದೆಯೇ ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಉತ್ತರ ಕೊಟ್ಟಿದ್ದಾರೆ. ನಾನು ಮೇಲು, ನಾನು ಮೇಲು ಎಂದು ಅಕ್ಕಿಯೂ ರಾಗಿಯೂ ಜಗಳವಾಡಿದವು. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟರು. ಅಕ್ಕಿ ಕೆಟ್ಟಿತು, ರಾಗಿ ಗಟ್ಟಿಯಾಗಿ ಉಳಿಯಿತು. ರಾಮ ತನ್ನ ರಾಘವ ಎಂಬ ಹೆಸರನ್ನೇ ರಾಗಿಗೆ ಕೊಟ್ಟ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷ ಎಂದಾಗ ನಮ್ಮವರು ರಾಗಿ ಕುಕ್ಕಿಯ ಪೊಟ್ಟಣ ಕೊಂಡರು. ಕನಕ ಜಯಂತಿಯ ರಜೆಯ ದಿನ ಒಂದು ಮುದ್ದೆ ತಿರುವಿ ಆ ಕಥೆ ಹೇಳಿದವರು ಎಷ್ಟು ಮಂದಿ?

ಇಗೋ ಪಟ್ಟಿ!

ಬರೀ ಬೈದು ಮುಗಿಸುವುದು ಸುಲಭ. ನಾನೇ ಒಂದು ಪಟ್ಟಿ ಹಾಕಿದ್ದೇನೆ, ತಿದ್ದಿ, ಸೇರಿಸಿ.

ಮಾರ್ಚ್ 17, ದೋಸೆ ದಿನ. 1887ರ ಆ ದಿನ ಮುಳಬಾಗಿಲಿನಲ್ಲಿ ಡಿ.ವಿ. ಗುಂಡಪ್ಪನವರು ಹುಟ್ಟಿದರು. ಮುಳಬಾಗಿಲು ದೋಸೆಯ ಹೆಸರು ಕೇಳದವರಿಲ್ಲ. ಅವರ 'ಮಂಕುತಿಮ್ಮನ ಕಗ್ಗ' ಹೊರಬಂದದ್ದು 1943ರಲ್ಲಿ. ಬೆಂಗಳೂರಿನ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಶುರುವಾದದ್ದೂ 1943ರಲ್ಲೇ. ಕಗ್ಗಕ್ಕೂ ದೋಸೆಗೂ ಒಂದೇ ವಯಸ್ಸು!

ಮಾರ್ಚ್ 30, ಇಡ್ಡಲಿಗೆ ದಿನ. ಚೆನ್ನೈಯವರ ದಿನವನ್ನೇ ಒಪ್ಪೋಣ, ಹೆಸರನ್ನು ಮಾತ್ರ 'ವಡ್ಡಾರಾಧನೆ'ಯಿಂದ ತರೋಣ.

ಜೂನ್ 6, ಮಾಸ್ತಿ ಮಾವಿನ ದಿನ. ಸೀಕರಣೆ ಮಾಡಿ, ಒಂದು ಸಣ್ಣ ಕಥೆ ಓದಿ.

ಜುಲೈ 1, ಪತ್ರಿಕೆ ಮತ್ತು ಪತ್ರೊಡೆ ದಿನ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ' ಹೊರತಂದರು. ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನಲ್ಲಿ ಅಚ್ಚಾದದ್ದು. ಅಚ್ಚಿನ ಮಸಿ ಮೆತ್ತಿಕೊಂಡ ನನ್ನಂಥವರಿಗೆ ಅದು ಕುಲದೇವರ ದಿನ. ಕರಾವಳಿಯಲ್ಲಿ ಅದು ಕೆಸುವಿನೆಲೆಯ ಕಾಲ, ಪತ್ರೊಡೆಯ ಕಾಲ.

ಆಗಸ್ಟ್ 3, ಮದ್ದುಸೊಪ್ಪು ಪಾಯಸ. ಕೊಡಗಿನ ಗೆಳೆಯರು ಬಡಿಸಲಿ, ನಾವು ತಿನ್ನೋಣ.

ಅಕ್ಟೋಬರ್ 1, ಜಗತ್ತಿನ ಕಾಫಿ ದಿನ. ಬಾಬಾಬುಡನ್ ಏಳು ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಟ್ಟರೆಂಬ ಐತಿಹ್ಯವನ್ನು ಪ್ರತಿ ಲೋಟದ ಜೊತೆ ಹೇಳೋಣ.

ಕನಕ ಜಯಂತಿ, ಮುದ್ದೆ ದಿನ. ನಮ್ಮ ಮನೆಯಲ್ಲಿ ಸಂಗಟಿ ದಿನ. ಹೆಸರು ಎರಡು, ಉಂಡೆ ಒಂದೇ.

ನವೆಂಬರ್ 1? ಚಿತ್ರಾನ್ನ! ನಗಬೇಡಿ. 'ಎಲ್ಲ ಚಿತ್ರಾನ್ನ ಮಾಡಿಬಿಟ್ಟ' ಎಂದು ಆಡಿಕೊಳ್ಳುತ್ತೇವೆ, ನಿಜ. ಆದರೆ ನೋಡಿ, ಅರಿಶಿನದ ಹಳದಿ ಅನ್ನ, ಮೇಲೆ ಕೆಂಪು ಬ್ಯಾಡಗಿ ಮೆಣಸಿನಕಾಯಿ. ಮ. ರಾಮಮೂರ್ತಿಯವರು ಕೊಟ್ಟ ನಮ್ಮ ಬಾವುಟವೇ ತಟ್ಟೆಯಲ್ಲಿ! ಬಡವನಿಗೂ ಎಟಕುತ್ತದೆ, ಹತ್ತು ನಿಮಿಷದಲ್ಲಿ ಆಗುತ್ತದೆ, ಯಾವ ಜಾತಿಗೂ ಮಡಿಯಿಲ್ಲ. ಹೊರಗಿನಿಂದ ಬಂದು ನಮ್ಮ ಬಾಡಿಗೆ ಮನೆಯಲ್ಲಿರುವ ಹಿಂದಿಯವನಿಗೆ ಒಂದು ತಟ್ಟೆ ಕೊಟ್ಟು 'ಇವತ್ತು ನಮ್ಮ ಹಬ್ಬ, ಇದರ ಹೆಸರು ಚಿತ್ರಾನ್ನ' ಎಂದು ಹೇಳಬಹುದು. ಅವನು ಕಲಿಯುವ ಮೊದಲ ಕನ್ನಡ ಪದ ಅದಾಗಲಿ. ಒದೆ ತಿಂದು ಕಲಿತದ್ದಕ್ಕಿಂತ ಉಂಡು ಕಲಿತದ್ದು ಹೆಚ್ಚು ದಿನ ಉಳಿಯುತ್ತದೆ.

ನನ್ನ ಪಾಲಿನ ಕೆಲಸವನ್ನು ನಾನು ಹೇಳಿಬಿಡುತ್ತೇನೆ. ಬರುವ ವರ್ಷದಿಂದ ನನ್ನ ಪ್ರೆಸ್ಸಿನಲ್ಲಿ ಹೆಸರು ಹೊಡೆಸುವ ಪ್ರತಿ ಕ್ಯಾಲೆಂಡರಿನ ಖಾಲಿ ಜಾಗದಲ್ಲಿ, ಅಂಗಡಿಯ ಹೆಸರಿನ ಮೇಲೆ, ಈ ದಿನಗಳ ಪಟ್ಟಿ ಕನ್ನಡದಲ್ಲಿ ಬಿಟ್ಟಿಯಾಗಿ ಅಚ್ಚಾಗುತ್ತದೆ. ಬೇಡ ಎನ್ನುವವರು ಬೇರೆ ಪ್ರೆಸ್ಸು ನೋಡಿಕೊಳ್ಳಲಿ. ಆ ಹುಡುಗ ಈ ಡಿಸೆಂಬರಿನಲ್ಲಿ ಮತ್ತೆ ಬಂದರೆ, ಡೋನಟ್ಟನ್ನು ತೆಗೆಯುವುದಿಲ್ಲ, ಅದರ ಪಕ್ಕದಲ್ಲಿ ಮಾಸ್ತಿಯವರನ್ನು ಕೂರಿಸಿಕೊಡುತ್ತೇನೆ. ಓದುವವನು ಆರಿಸಿಕೊಳ್ಳಲಿ.

ನಿಮ್ಮ ಪಾಲಿನದು? ಈ ಪುಟವನ್ನು ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿ. ನಿಮ್ಮ ಬೀದಿಯ ಹೋಟೆಲಿನವರ ಬಳಿ ಹೋಗಿ, ತಿಂಡಿಯ ಹಲಗೆಯಲ್ಲಿ ಆಯಾ ದಿನದ ಒಂದು ಸಾಲು ಕನ್ನಡದಲ್ಲಿ ಬರೆಸಿ. ಜೂನಿನಲ್ಲಿ ಒಂದು ಭಾನುವಾರ ಬಸ್ಸು ಹತ್ತಿ ಶ್ರೀನಿವಾಸಪುರಕ್ಕೆ ಬನ್ನಿ. ನವೆಂಬರ್ 1ರ ಬೆಳಿಗ್ಗೆ ಬಾವುಟ ಕಟ್ಟುವ ಮೊದಲು ಒಲೆ ಹಚ್ಚಿ.

ಒಗ್ಗರಣೆಯ ಸದ್ದು ಕೇಳದ ಮನೆಯಲ್ಲಿ ಘೋಷಣೆಯ ಸದ್ದು ಎಷ್ಟು ದಿನ ಉಳಿದೀತು?

ಸಿರಿಗನ್ನಡಂ ಗೆಲ್ಗೆ! ಗೆದ್ದು ಉಣ್ಗೆ!